ಐತಾಳರ ಹೋಟೆಲಿನ ಎರಡನೆಯ ಮೆಟ್ಟಿಲು

1967ರ ಜೂನ್‌ನಲ್ಲಿ ನನ್ನನ್ನು ಔರಂಗಾಬಾದಿನಿಂದ ನಾಸಿಕ್‌ಗೆ ಬಿಲ್ಡಿಂಗ್ ಇನ್‌ಸ್ಪೆಕ್ಟರ್ ಎಂದು ಕಳಿಸಿದರು. ಔರಂಗಾಬಾದಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ನನ್ನ ನೌಕರಿಯ ಕಾಗದಗಳಲ್ಲಿ ಹಳೆಯ ಹೆಸರೇ ಇದೆ, ನಾನೂ ಅದನ್ನೇ ಬಳಸುತ್ತೇನೆ. ನಾನು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ನಿಜಾಮರ ಕಾಲದಿಂದಲೂ ಬೀದರಿಗೂ ಔರಂಗಾಬಾದಿಗೂ ಒಂದೇ ಸರಕಾರವಿತ್ತು. ಸರ್ವೇ ಕೆಲಸ ಕಲಿತು ಔರಂಗಾಬಾದಿನಲ್ಲಿ ಸೇರಿಕೊಂಡೆ. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ನನ್ನ ಊರು ಕನ್ನಡದ ಕಡೆ ಹೋಯಿತು, ನೌಕರಿ ಮರಾಠಿಯ ಕಡೆ ಉಳಿಯಿತು.

ಬಿಲ್ಡಿಂಗ್ ಇನ್‌ಸ್ಪೆಕ್ಟರನಿಗೆ ಸ್ನೇಹಿತರು ಇರುವುದಿಲ್ಲ. ಮನೆ ಕಟ್ಟುವವನಿಗೆ ಅವನು ಕಾಲಿಗೆ ಚುಚ್ಚಿದ ಮುಳ್ಳು. ಇದನ್ನು ನಾನು ದೂರು ಎಂದು ಹೇಳುತ್ತಿಲ್ಲ, ಅಂಥ ಕೆಲಸವೇ ಅದು. ಆದರೆ ನಾಸಿಕ್‌ನಲ್ಲಿ ನನ್ನ ವೈರಿಗಳು ಕನ್ನಡ ಮಾತಾಡುವವರಾಗಿದ್ದರು. ಅದು ಮಾತ್ರ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಓದುವವರಿಗೆ ನಮ್ಮ ಕೆಲಸದ ಒಂದು ವಿಷಯ ಹೇಳಿಬಿಡಬೇಕು. ಊರುಗಳ ಚೆಹರೆಯನ್ನು ತಿದ್ದಿದವರು ಶಿಲ್ಪಿಗಳು ಮಾತ್ರ ಎಂದು ಜನ ತಿಳಿದಿದ್ದಾರೆ. ಅರ್ಧ ತಿದ್ದಿದ್ದು ಬೆಂಕಿಯ ಭಯ. ಪೇಟೆಯಲ್ಲಿ ಹುಲ್ಲಿನ ಚಾವಣಿ ಕೂಡದು, ಹೆಂಚೋ ತಗಡೋ ಹೊದಿಸಬೇಕು ಎಂಬ ಹಳೆಯ ಕಾಯಿದೆ ಬಂದ ಮೇಲೆ ಪೇಟೆಗಳ ಬಣ್ಣವೇ ಬದಲಾಯಿತು. ಎರಡು ಮನೆಗಳ ನಡುವಿನ ಗೋಡೆ ಚಾವಣಿಗಿಂತ ಮೇಲೆ ಎದ್ದು ನಿಂತಿರುವುದನ್ನು ನೀವು ನೋಡಿರಬಹುದು. ಅದು ಚೆಂದಕ್ಕಲ್ಲ, ಒಂದು ಮನೆಯ ಬೆಂಕಿ ಇನ್ನೊಂದರ ತೊಲೆಗೆ ದಾಟದಿರಲಿ ಎಂದು. ಸಿನೆಮಾ ಥೇಟರಿನ ಬಾಗಿಲು ಹೊರಗೆ ತೆರೆಯುವುದೂ ಅದಕ್ಕೇ, ಒಳಗಿನಿಂದ ಜನ ಒತ್ತಿ ಬಂದಾಗ ಬಾಗಿಲು ಅವರ ವಿರುದ್ಧ ನಿಲ್ಲಬಾರದು. ಈ ನಿಯಮಗಳಿಗೆ ನಾವು ಬೈಲಾ ಎನ್ನುತ್ತಿದ್ದೆವು. ಪ್ರತಿ ಬೈಲಾದ ಹಿಂದೆ ಯಾವುದೋ ಊರಿನ ಬೂದಿ ಇದೆ ಎಂದು ಔರಂಗಾಬಾದಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು.

ಔರಂಗಾಬಾದಿನ ಹಳೆಯ ಮನೆಗಳು ಕಲ್ಲು ಗಾರೆಯವು, ಅಲ್ಲಿ ಈ ಚಿಂತೆ ಕಡಿಮೆ. ನಾಸಿಕ್‌ನ ಹಳೆಯ ಪೇಟೆ ಪೂರಾ ಮರ. ವಾಡೆ ಎನ್ನುವ ಆ ದೊಡ್ಡ ಮನೆಗಳಿಗೆ ಮುಂಭಾಗ ಹದಿನೈದು ಅಡಿ ಇದ್ದರೆ ಹಿಂದಕ್ಕೆ ನೂರು ಅಡಿ. ತೇಗದ ಕಂಬ, ತೇಗದ ತೊಲೆ, ತೇಗದ ಅಟ್ಟ, ಒಂದರ ಹೆಗಲಿಗೆ ಒಂದು ಒರಗಿಕೊಂಡ ಮನೆಗಳು. ನೋಡಲು ಬಹಳ ಚೆಂದ. ನನಗೆ ಮಾತ್ರ ಒಟ್ಟಿಟ್ಟ ಸೌದೆಯ ಹಾಗೆ ಕಾಣುತ್ತಿತ್ತು.

ಅಂಥ ಒಂದು ವಾಡೆಯಲ್ಲಿ, ರವಿವಾರ ಕಾರಂಜಾ ಚೌಕದ ಸಮೀಪದ ಗಲ್ಲಿಯಲ್ಲಿ, ಅನಂತ ಐತಾಳರ ಹೋಟೆಲು ಇತ್ತು. ಐತಾಳರು ಕುಂದಾಪುರದ ಕಡೆಯವರು, ಐವತ್ತು ದಾಟಿದವರು. ನಾಸಿಕ್‌ನ ಕನ್ನಡಿಗರಿಗೆಲ್ಲ ಅವರೇ ಹಿರಿಯಣ್ಣ. ನನ್ನನ್ನು ಆ ಹೋಟೆಲಿಗೆ ಮೊದಲು ಕರೆದುಕೊಂಡು ಹೋದವನು ಶರಣಪ್ಪ. ಕಲಬುರಗಿಯವನು, ಬ್ಯಾಂಕಿನಲ್ಲಿ ಗುಮಾಸ್ತ, ಮದುವೆಯಾಗಿರಲಿಲ್ಲ. ನಮ್ಮ ಓಣಿಯಲ್ಲೇ ಬಾಡಿಗೆಗಿದ್ದ. ಆ ಊರಿನಲ್ಲಿ ನನಗಿದ್ದ ಒಬ್ಬನೇ ಸ್ನೇಹಿತ. ದಿನಾ ಮಧ್ಯಾಹ್ನ ಐತಾಳರ ಮಹಡಿಯ ಮೇಲಿನ ಊಟದ ಹಾಲಿನಲ್ಲಿ, ಬೀದಿಯ ಕಿಟಕಿಯ ಪಕ್ಕದ ಮೇಜಿನಲ್ಲಿ ಅವನ ಊಟ.

ಮೊದಲ ದಿನ ಸಾರು ಅನ್ನ ಉಂಡೆ, ಸೊಗಸಾಗಿತ್ತು. ಆದರೆ ಹಾಳು ಕಣ್ಣು ಸುಮ್ಮನಿರಬೇಕಲ್ಲ. ಹಾಲಿನಲ್ಲಿ ನಲವತ್ತು ಜನ ಕೂತಿದ್ದರು. ಮೇಲೆ ಬರಲು, ಇಳಿಯಲು ಇದ್ದದ್ದು ಒಂದೇ ಮರದ ಮೆಟ್ಟಿಲು. ಕೆಳಗಿಳಿದು ಟೇಪು ಹಿಡಿದೆ: ಎರಡು ಅಡಿ ನಾಲ್ಕು ಇಂಚು ಅಗಲ. ಮೆಟ್ಟಿಲ ಕೆಳಗಿನ ಪೊಳ್ಳಿನಲ್ಲಿ ಒಲೆಗೆ ಬೇಕಾದ ಮರದ ಹೊಟ್ಟಿನ ಚೀಲಗಳು. ಅದರ ಪಕ್ಕಕ್ಕೆ ಪಾನ್ ಅಂಗಡಿಯ ಪೆಟ್ಟಿಗೆ. ಮೆಟ್ಟಿಲಿನ ಕಂಬಕ್ಕೇ ಒಂದು ಕತ್ತದ ಹಗ್ಗ ತೂಗಿತ್ತು, ತುದಿಯಲ್ಲಿ ಕೆಂಡ. ಗಿರಾಕಿಗಳು ಬೀಡಿ ಸಿಗರೇಟು ಹಚ್ಚಿಕೊಳ್ಳಲಿ ಎಂದು.

ಬೈಲಾ ಸ್ಪಷ್ಟವಾಗಿತ್ತು. ಮಹಡಿಯ ಮೇಲೆ ಹೆಚ್ಚು ಜನ ಸೇರುವ ಕಡೆ ಇಳಿಯಲು ಎರಡು ದಾರಿ ಇರಬೇಕು, ಎರಡನೆಯದು ಮರದ್ದಾಗಿರಬಾರದು, ಅಗಲ ಮೂರು ಅಡಿಗೆ ಕಡಿಮೆ ಇರಬಾರದು, ಬಾಗಿಲು ಹೊರಕ್ಕೆ ತೆರೆಯಬೇಕು. ಎರಡನೆಯ ಮೆಟ್ಟಿಲು ಎಲ್ಲಿ ಬರಬಹುದು ಎಂದು ನೋಡಲು ನಾನು ಮರುವಾರ ಅಧಿಕೃತವಾಗಿ ಹೋದೆ. ಹಾಲಿನ ಹಿಂದಿನ ಗೋಡೆಯ ಕೆಳಗೆ ಒಂದು ಅಂಗಳ, ಅದರಲ್ಲಿ ಬಾವಿ. ಅಂಗಳದ ಗೋಡೆಯಲ್ಲಿ ಹಿಂದಿನ ಗಲ್ಲಿಗೆ ತೆರೆಯುವ ಬಾಗಿಲು. ಆ ಅಂಗಳಕ್ಕೆ ಒಳಗಿನಿಂದ ಹೋಗಬೇಕಾದರೆ ಅಡಿಗೆಮನೆಯ ಮೂಲಕವೇ ಹೋಗಬೇಕು.

ಅಡಿಗೆಮನೆಯ ಹೊಸ್ತಿಲಿನಲ್ಲಿ ಅಡಿಗರು ನಿಂತಿದ್ದರು. ಸುಬ್ರಾಯ ಅಡಿಗರು ಐತಾಳರ ಊರಿನವರೇ, ಇಪ್ಪತ್ತು ವರ್ಷದಿಂದ ಅಲ್ಲಿಯ ಅಡಿಗೆ ಅವರದ್ದೇ. ಒದ್ದೆ ಪಂಚೆ, ಬರೀ ಮೈ, ಕೈಯಲ್ಲಿ ಸೌಟು.

"ಹ್ವಾಯ್, ಒಳಗೆ ಬಪ್ಪುಕಾಗ," ಎಂದರು. "ಇದು ಮಡಿ."

"ನಾ ಸರಕಾರಿ ಮನಷ್ಯಾ ಅದೀನ್ರಿ. ಅಂಗಳ ನೋಡಬೇಕು."

"ಸರ್ಕಾರಕ್ಕೆ ಮಡಿ ಇಲ್ಯಾ? ಬಪ್ಪುದಾದ್ರೆ ಅಂಗಿ ತೆಗ್ದು, ಕಾಲು ತೊಳ್ದು ಬನ್ನಿ. ಬಾವಿ ಹತ್ರ ಮಾತ್ರ ಹೋಪುಕಾಗ."

ಕೆಳಗಿನ ಮೇಜುಗಳಲ್ಲಿ ಉಣ್ಣುತ್ತಿದ್ದ ಹತ್ತಾರು ಜನ ಇತ್ತ ನೋಡುತ್ತಿದ್ದರು. ನಾನು ಕೊರಳಲ್ಲಿ ಲಿಂಗ ಕಟ್ಟಿದವನು, ದಿನಾ ಪೂಜೆ ಮಾಡಿಯೇ ನೀರು ಕುಡಿಯುವವನು. ಒಬ್ಬ ಬಾಣಸಿಗ ನನ್ನನ್ನು ಅಷ್ಟು ಜನರೆದುರು ಮೈಲಿಗೆ ಎಂದ ಹಾಗಾಯಿತು. ಮೈಯೆಲ್ಲ ಉರಿಯಿತು. ಈಗ ಯೋಚಿಸಿದರೆ ಅಂಗಿ ತೆಗೆದು ಕಾಲು ತೊಳೆದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಆಗ ನನಗೆ ಮೂವತ್ತೈದು ವರ್ಷ, ಮೂಗಿನ ತುದಿಯಲ್ಲೇ ಸಿಟ್ಟು.

"ನಿಮ್ಮ ಅಂಗಳ ನಿಮಗೇ ಇರಲ್ರಿ," ಎಂದು ತಿರುಗಿ ಬಂದೆ. ಕಚೇರಿಯಲ್ಲಿದ್ದ ಹಳೆಯ ನಕ್ಷೆ ತೆಗೆದು, ಅಂಗಳದ ಅಳತೆ ಅದರಿಂದಲೇ ಎತ್ತಿಕೊಂಡು, ಕುರ್ಚಿಯಲ್ಲಿ ಕೂತು ಮೆಟ್ಟಿಲು ಎಳೆದೆ: ಹಾಲಿನ ಹಿಂದಿನ ಗೋಡೆಯಲ್ಲಿ ಬಾಗಿಲು, ಅಲ್ಲಿಂದ ಬಾವಿಯ ಅಂಗಳಕ್ಕೆ ಕಬ್ಬಿಣದ ಮೆಟ್ಟಿಲು, ಅಂಗಳದಿಂದ ಗಲ್ಲಿಗೆ. ಜೊತೆಗೆ ಹೊಟ್ಟಿನ ಚೀಲ ತೆಗೆಯಬೇಕು, ಕತ್ತದ ಹಗ್ಗ ತೆಗೆಯಬೇಕು. ಮೂರು ತಿಂಗಳ ಗಡುವು. ತಪ್ಪಿದರೆ ಮಹಡಿಯ ಹಾಲಿಗೆ ಬೀಗ. ನೋಟೀಸು ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. ಬರೆಯುವಾಗ ನನಗಾದ ಸಂತೋಷ ಮಾತ್ರ ಸರಿಯಾದದ್ದಲ್ಲ.

ಐತಾಳರು ಮನೆಗೇ ಬಂದರು. ಮೊದಲು ಮೆತ್ತಗೆ ಮಾತಾಡಿದರು.

"ಇನ್‌ಸ್ಪೆಕ್ಟರ್ರೇ, ಪರ ಊರಲ್ಲಿ ನಾವು ನಾಲ್ಕು ಮಂದಿ ಕನ್ನಡದವರು. ನಾವೇ ಒಬ್ಬರಿಗೊಬ್ಬರು ಹೀಗೆ ಮಾಡಿಕೊಂಡ್ರೆ ಹೇಗೆ ಮಾರಾಯ್ರೆ?"

"ಬೆಂಕಿ ಕನ್ನಡ ಮರಾಠಿ ನೋಡಂಗಿಲ್ರಿ."

"ಬೆಂಕಿ ಎಲ್ಲಿ ಉಂಟು? ಎಪ್ಪತ್ತು ವರ್ಷದ ವಾಡೆ, ಒಂದು ಕಿಡಿ ಬೀಳ್ಲಿಲ್ಲ. ನಾನು ಜಿನಾ ಕಟ್ಟುದಿಲ್ಲ ಅಂತ ಹೇಳುದಿಲ್ಲ. ಆದ್ರೆ ಬಾವಿಕಟ್ಟೆಗೆ ಇಳಿಸ್ಬೇಡಿ. ಉಂಡವರೆಲ್ಲ ಎಂಜಲು ಕೈಯಲ್ಲಿ ಅಲ್ಲಿಗೇ ಇಳಿತಾರೆ, ಕೈ ತೊಳೆಯಲಿಕ್ಕೆ. ಆ ನೀರಲ್ಲೇ ಅಡಿಗೆ ಆಗುದು. ಅಡಿಗರು ಮರುದಿನವೇ ಊರಿಗೆ ಗಂಟು ಕಟ್ತಾರೆ."

ಜಿನಾ ಎಂದರೆ ಮರಾಠಿಯಲ್ಲಿ ಮೆಟ್ಟಿಲು. ಐತಾಳರ ಮಾತಿನಲ್ಲಿ ಅರ್ಥವಿತ್ತು. ಅದು ಜಂಬವಲ್ಲ, ಊಟದ ಹೋಟೆಲು ನಡೆಸುವವನ ನಿಜವಾದ ತೊಂದರೆ. ಆದರೆ ಅದನ್ನು ಕೇಳುವ ಕಿವಿ ನನಗಿರಲಿಲ್ಲ. ಮತ್ತೆ ಆ ಮಡಿಯ ಮಾತು ಎತ್ತಿದರಲ್ಲ ಎಂಬುದೇ ನನಗೆ ದೊಡ್ಡದಾಯಿತು.

"ನಕಾಶೆ ಪ್ರಕಾರ ಜಾಗಾ ಅದೊಂದೇ ಅದ. ಕಟ್ಟಸ್ರಿ, ಇಲ್ಲಾ ಬೀಗಾ ಹಾಕ್ತೀನಿ."

ಐತಾಳರು ಎದ್ದರು. ನನ್ನ ಹೆಂಡತಿ ನೀಲಮ್ಮ ಇಟ್ಟ ಚಹಾ ಮುಟ್ಟಲಿಲ್ಲ. "ಬೀಗ ಹಾಕುವ ಕೈಗೆ ಈ ಊರಲ್ಲಿ ಕಾಫಿ ಕೊಡುವವರು ಯಾರು ನೋಡುವ," ಎಂದು ಹೇಳಿ ಹೋದರು.

ಅದು ಬರೀ ಬಾಯಿಮಾತು ಎಂದುಕೊಂಡಿದ್ದೆ. ಮರುದಿನ ಸ್ಟೇಶನ್ ರಸ್ತೆಯ ಒಂದು ಹೋಟೆಲಿಗೆ ಹೋಗಿ ಕೂತೆ, ಅದೂ ಕರಾವಳಿಯವರದ್ದೇ. ಸುತ್ತಲೂ ಎಲ್ಲರೂ ಕಾಫಿ ಕುಡಿಯುತ್ತಿದ್ದರು. ಹಣದ ಗಲ್ಲೆಯ ಮೇಲಿದ್ದವರು ನನ್ನನ್ನು ನೋಡಿ "ಕಾಫಿ ಮುಗೀತು" ಎಂದರು. ಇನ್ನೊಂದು ಹೋಟೆಲಿಗೆ ಹೋದೆ. ಅಲ್ಲಿಯೂ ಮುಗಿದಿತ್ತು. ಒಂದು ತಿಂಗಳಲ್ಲಿ ಕನ್ನಡದವರ ಹೋಟೆಲು ಎಲ್ಲ ಸುತ್ತಿದೆ. ನಾನು ಹೊಸ್ತಿಲು ತುಳಿದೊಡನೆ ಕಾಫಿ ಮುಗಿಯುತ್ತಿತ್ತು. ಇಡ್ಲಿ ಸಿಗುತ್ತಿತ್ತು, ಚಟ್ನಿ ಇರುತ್ತಿರಲಿಲ್ಲ. ನಗು ಬರುತ್ತದಲ್ಲವೇ? ಆಗ ಬರುತ್ತಿರಲಿಲ್ಲ. ಅರಿಶಿನ ಕುಂಕುಮಕ್ಕೆ ನೀಲಮ್ಮನನ್ನು ಕರೆಯುವುದು ನಿಂತಿತು. ನವರಾತ್ರಿಯ ಐದನೆಯ ದಿನ ಅವಳು ಹೊಸ ಸೀರೆ ಉಟ್ಟು ಸಂಜೆತನಕ ಕರೆಗಾಗಿ ಕಾದು, ಸೀರೆ ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಅವಳ ಮುಖ ನೋಡಿ ನನ್ನ ಹಟ ಇನ್ನಷ್ಟು ಗಟ್ಟಿಯಾಯಿತು.

ಶರಣಪ್ಪ ಮಾತ್ರ ಎರಡೂ ಕಡೆ ಓಡಾಡುತ್ತಿದ್ದ.

"ಚನ್ನಪ್ಪ, ನೀ ಒಮ್ಮಿ ಹಿತ್ತಲಿಗೆ ಹೋಗಿ ನೋಡು. ಬ್ಯಾರೆ ಏನರ ಹಾದಿ ಇರಬೇಕು."

"ಹಿತ್ತಲಿಗೆ ಹೋಗಬೇಕಂದ್ರ ಆ ಅಡಿಗನ ಮುಂದ ಅಂಗಿ ಬಿಚ್ಚಬೇಕು. ಬಿಚ್ಚಂಗಿಲ್ಲ."

"ನಲವತ್ತು ಮಂದಿ ಜೀವಕ್ಕಿಂತ ನಿನ್ನ ಅಂಗಿ ದೊಡ್ಡದೇನು?"

"ಆ ನಲವತ್ತು ಮಂದಿ ಸಲುವಾಗೇ ಮಾಡಾಕತ್ತೀನಿ. ದಿನಾ ಅಲ್ಲಿ ಉಣ್ಣಾಂವ ನೀನ. ತಿಳೀತೇನು?"

ಗಡುವು ಮುಗಿಯಿತು, ಅರ್ಜಿ ಕೊಟ್ಟರು, ಗಡುವು ಮುಂದೆ ಹೋಯಿತು, ಮತ್ತೆ ಅರ್ಜಿ ಬಂತು. ಕೊನೆಗೆ ಬೀಗ ಹಿಡಿದುಕೊಂಡು ನಾನೇ ಬಾಗಿಲಿಗೆ ಹೋಗಿ ನಿಂತೆ. ಆಗ ಐತಾಳರು ಮಣಿದರು. 1968ರ ಮಾರ್ಚ್‌ನಲ್ಲಿ ಮೆಟ್ಟಿಲು ಸಿದ್ಧವಾಗಿದೆ ಎಂದು ಚೀಟಿ ಬಂತು. ಕೆಲಸ ಮುಗಿದದ್ದನ್ನು ನೋಡಿ ಸಹಿ ಹಾಕುವುದು ನನ್ನ ಕರ್ತವ್ಯ.

ಮುಂದಿನ ಮರದ ಮೆಟ್ಟಿಲಿನಿಂದಲೇ ಹತ್ತಿ ಹೋದೆ. ಚೀಲಗಳನ್ನು ತೆಗೆದಿದ್ದರು, ಕತ್ತದ ಹಗ್ಗವೂ ಇರಲಿಲ್ಲ. ನಾಲ್ಕು ದಿನದ ಮಟ್ಟಿಗೆ ತೆಗೆದದ್ದು ಎಂದು ನನಗೂ ಗೊತ್ತಿತ್ತು. ಹಾಲಿನ ಹಿಂದಿನ ಗೋಡೆಯಲ್ಲಿ ಹೊಸ ಬಾಗಿಲು ಕೂಡಿಸಿದ್ದರು. ಒತ್ತಿದೆ. ಹೊರಕ್ಕೆ ತೆರೆಯಿತು. ಅಗಲ ಅಳೆದೆ, ಮೂರು ಅಡಿ ಎರಡು ಇಂಚು. ಮೆಟ್ಟಿಲು ಕಬ್ಬಿಣದ್ದು, ಕೈಹಿಡಿ ಗಟ್ಟಿ. ಬಾಗಿಲು ಮುಚ್ಚಿಕೊಳ್ಳಲು ಕೈ ಚಾಚಿದಾಗ ಅದರ ಹೊರಮೈ ಕಣ್ಣಿಗೆ ಬಿತ್ತು. ಅಲ್ಲೊಂದು ಚಿಲಕ, ಹೊಚ್ಚಹೊಸದು, ಒಂದು ಗೇಣು ಉದ್ದ.

ಒಳಗಿನಿಂದ ಹೋಗಬೇಕಾದ ಬಾಗಿಲಿಗೆ ಹೊರಗಿನಿಂದ ಚಿಲಕ. ಕೆಳಗೆ ನೋಡಿದೆ. ಅಡಿಗರು ಬಾವಿಕಟ್ಟೆಯ ಪಕ್ಕ ಕೊಡ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು. ಚಿಲಕ ಯಾಕೆ ಎಂದು ನಾನು ಕೇಳಲಿಲ್ಲ.

ನನ್ನ ತಲೆಯಲ್ಲಿ ಆಗ ಏನಿತ್ತು ಎಂದು ಮುಚ್ಚಿಡದೆ ಹೇಳುತ್ತೇನೆ. ಕೇಳಿದರೆ ಮತ್ತೆ ಮಡಿ, ಮತ್ತೆ ಎಂಜಲು, ಮತ್ತೆ ಅರ್ಜಿ, ಇನ್ನೊಂದು ಆರು ತಿಂಗಳು. ಬೈಲಾದಲ್ಲಿ ಬಾಗಿಲಿನ ಅಗಲವಿತ್ತು, ತೆರೆಯುವ ದಿಕ್ಕಿತ್ತು. ಚಿಲಕದ ಸುದ್ದಿ ಇರಲಿಲ್ಲ. ನಾನು ಗೆದ್ದಾಗಿತ್ತು, ನನಗೆ ಗೆಲುವು ಸಾಕಾಗಿತ್ತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡು ಬಾಗಿಲು ಎಳೆದುಕೊಂಡೆ. ಅಲ್ಲಿಯೇ ಮೇಜಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ.

ಆ ಆಗಸ್ಟ್‌ನ ಒಂದು ಶ್ರಾವಣ ಸೋಮವಾರ. ಗೋದಾವರಿಯಲ್ಲಿ ಮಿಂದು ತ್ರ್ಯಂಬಕಕ್ಕೆ ಹೋಗುವ ಯಾತ್ರಿಕರಿಂದ ಪೇಟೆ ತುಂಬಿತ್ತು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ನಾನು ಎರಡು ಗಲ್ಲಿ ಆಚೆ ಯಾರದ್ದೋ ಬಾಲ್ಕನಿ ಅಳೆಯುತ್ತಿದ್ದೆ. ಹೊಗೆಯ ವಾಸನೆ ಮೊದಲು ಬಂತು, ಆಮೇಲೆ ಕೂಗು. ಯಾವ ದಿಕ್ಕು ಎಂದು ನೋಡಿದ ಕೂಡಲೇ ಟೇಪು ಬಿಸಾಡಿ ಓಡಿದೆ.

ಮುಂದಿನ ಮರದ ಮೆಟ್ಟಿಲು ಕೆಳಗಿನಿಂದ ಮೇಲಿನತನಕ ಉರಿಯುತ್ತಿತ್ತು. ಹೇಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕತ್ತದ ಹಗ್ಗ ಮರಳಿ ಕಂಬಕ್ಕೆ ಬಂದಿತ್ತು, ಹೊಟ್ಟಿನ ಚೀಲಗಳು ಮರಳಿ ಪೊಳ್ಳಿಗೆ ಬಂದಿದ್ದವು. ಕೆಳಗೆ ಉಣ್ಣುತ್ತಿದ್ದವರು ಬೀದಿಗೆ ಬಂದುಬಿಟ್ಟಿದ್ದರು. ಮೇಲಿನ ಕಿಟಕಿಗಳಲ್ಲಿ ತಲೆಗಳು. ಬೀದಿಯ ಕಿಟಕಿಯಲ್ಲಿ ಶರಣಪ್ಪ.

"ಹಿಂದಿನ ಬಾಗಲಾ! ಹಿಂದಕ್ಕ ಹೋಗ್ರಿ!" ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ.

"ಬಂದ್ ಅದ!" ಎಂದ ಶರಣಪ್ಪ. "ಹೊರಗಿಂದ ಬಂದ್ ಅದ, ಚನ್ನಪ್ಪಾ!"

ಆ ಬೀದಿಯಲ್ಲಿ ನಿಂತಿದ್ದ ನೂರಾರು ಜನರಲ್ಲಿ ಚಿಲಕ ಎಲ್ಲಿದೆ, ಎಷ್ಟು ಉದ್ದವಿದೆ ಎಂದು ಬಲ್ಲವನು ನಾನೊಬ್ಬನೇ. ಸುತ್ತು ಹಾಕಿ ಹಿಂದಿನ ಗಲ್ಲಿಗೆ ಓಡಿದೆ. ಅಂಗಳದ ಬಾಗಿಲು ಒಳಗಿನಿಂದ ಭದ್ರ. ಕೈ, ಹೆಗಲು, ಕಾಲು, ಎಲ್ಲದರಿಂದ ಗುದ್ದಿದೆ. ಒಳಗಿನಿಂದ ಕಬ್ಬಿಣದ ಮೇಲೆ ಕಲ್ಲು ಬಡಿಯುವ ಸದ್ದು ಕೇಳುತ್ತಿತ್ತು. ಐದು ತಿಂಗಳು ಯಾರೂ ತೆಗೆಯದ ಚಿಲಕ. ಮಳೆಗಾಲದ ನೀರು ಕುಡಿದು ತುಕ್ಕು ಹಿಡಿದು ಕೂತಿತ್ತು. ಅಡಿಗರು ರುಬ್ಬುಕಲ್ಲಿನ ಗುಂಡು ಎತ್ತಿಕೊಂಡು ಹೋಗಿ ಅದನ್ನು ಬಡಿಯುತ್ತಿದ್ದರು. ಬಡಿದ ಸದ್ದನ್ನು ನಾನು ಎಣಿಸಲಿಲ್ಲ. ಆದರೆ ಇವತ್ತಿಗೂ ಯಾರಾದರೂ ಕಬ್ಬಿಣ ಬಡಿದರೆ ನನ್ನ ಹೆಗಲು ನೋಯುತ್ತದೆ.

ಚಿಲಕ ಮುರಿಯಿತು. ಜನ ಇಳಿದರು. ಅಂಗಳದ ಬಾಗಿಲು ಒಳಗಿನಿಂದ ತೆರೆದು, ಕೆಮ್ಮುತ್ತ ಅಳುತ್ತ ಎಲ್ಲ ನನ್ನ ಮೇಲೆಯೇ ಬಂದು ಬಿದ್ದರು. ಎಂಜಲು ಕೈಗಳು, ಅನ್ನ ಮೆತ್ತಿದ ಕೈಗಳು. ಒಳನುಗ್ಗಿ ನೋಡಿದೆ. ಅಡಿಗರು ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ತೋಳು ಹಿಡಿದು ಎಳೆದು ಮೆಟ್ಟಿಲಿಗೆ ದಾಟಿಸುತ್ತಿದ್ದರು. ಯಾರು ಏನು ಎಂದು ಕೇಳಲು ಅವತ್ತು ಅವರಿಗೆ ಪುರುಸೊತ್ತಿರಲಿಲ್ಲ. ಕೊನೆಗೆ ಒಬ್ಬಳು ಮುದುಕಿ ಯಾತ್ರಿಕಳ ಕಾಲಿನ ಮೇಲೆ ಉರಿಯುವ ಹಲಗೆ ಬಿತ್ತು. ಅಡಿಗರು ಒಳಗೆ ಹೋಗಿ ಅದನ್ನು ಬರಿಗೈಯಲ್ಲಿ ಎತ್ತಿ ಎಸೆದು, ಅವಳನ್ನು ಹೊತ್ತು ತಂದರು.

ಯಾರೂ ಸಾಯಲಿಲ್ಲ. ಸಂಜೆಗೆ ವಾಡೆ ಪೂರ್ತಿ ಬೂದಿಯಾಯಿತು. ಬಾವಿಯ ಪಕ್ಕ ಕಬ್ಬಿಣದ ಮೆಟ್ಟಿಲು ಮಾತ್ರ ಮೇಲೇನೂ ಇಲ್ಲದೆ ನಿಂತಿತ್ತು. ಆದರೆ ಬಾಗಿಲು ತೆರೆಯುವ ಮೊದಲೇ ಶರಣಪ್ಪ ಬೀದಿಯ ಕಿಟಕಿಯಿಂದ ಹಾರಿದ್ದ. ಅವನ ಸೊಂಟದ ಎಲುಬು ಮುರಿದಿತ್ತು.

ಮರುದಿನ ಬೆಳಿಗ್ಗೆ ನಾನು ಕಚೇರಿಗೆ ಹೋಗುವ ದಾರಿಯಲ್ಲಿ ಸ್ಟೇಶನ್ ರಸ್ತೆಯ ಹೋಟೆಲಿನವರು ಓಡಿ ಬಂದು ಕೈ ಹಿಡಿದರು. "ಬನ್ನಿ ಇನ್‌ಸ್ಪೆಕ್ಟರ್ರೇ, ಕಾಫಿ ಕುಡಿದು ಹೋಗಿ. ನಿಮ್ಮ ಜಿನಾ ಇಲ್ಲದಿದ್ರೆ ನಲವತ್ತು ಹೆಣ!" ಎಲ್ಲ ಹೋಟೆಲುಗಳಲ್ಲಿಯೂ ಕಾಫಿ ತಿರುಗಿ ಬಂದಿತ್ತು. ನೀಲಮ್ಮನಿಗೆ ಮೂರು ಮನೆಗಳಿಂದ ಕುಂಕುಮಕ್ಕೆ ಕರೆ ಬಂತು. ಐತಾಳರು ಮೈದಾನವಾಗಿ ಹೋದ ತಮ್ಮ ಹೋಟೆಲಿನೆದುರು ಎಲ್ಲರ ಮುಂದೆ ನನಗೆ ಕೈಮುಗಿದರು. ಈ ವೈಭವ ಎಂಟು ದಿನ ನಡೆಯಿತು. ಆ ಕಾಫಿಯನ್ನು ನಾನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಅಡಿಗರನ್ನು ನೋಡಲು ಆಸ್ಪತ್ರೆಗೆ ಹೋದೆ. ಎರಡು ಕೈಗಳಿಗೂ ಮೊಣಕೈತನಕ ಬ್ಯಾಂಡೇಜು. ನನ್ನನ್ನು ನೋಡಿ ಏಳಲಿಲ್ಲ, ಕೂರಿ ಎನ್ನಲಿಲ್ಲ.

"ಚಿಲಕ ಹಾಕಿದ್ದು ನಾನು," ಎಂದರು. "ನೀವು ಕಂಡಿದ್ರಿ. ಅಲ್ದಾ?"

"ಕಂಡಿದ್ದೆ."

"ಮತ್ತೆ ಎಂತಕ್ಕೆ ಬಾಯಿ ಮುಚ್ಕಂಡ್ರಿ? ಅಷ್ಟು ದಿನ ಕೂಗಿದ್ರಿ, ಅದೊಂದು ದಿನ ಎಂತಕ್ಕೆ ಕೂಗ್ಲಿಲ್ಲ?"

ನಾನು ಹೊರಗೆ ಬಂದೆ. ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿನಲ್ಲಿ ಶರಣಪ್ಪನಿದ್ದ. ಅವನು ನನ್ನ ಕೈ ಹಿಡಿದುಕೊಂಡು, "ನಿನ್ನ ಹಟದಿಂದ ಅಷ್ಟು ಮಂದಿ ಉಳೀತು ನೋಡು," ಎಂದ. ತಡೆಯಲಾಗಲಿಲ್ಲ, ಚಿಲಕದ ವಿಷಯ ಹೇಳಿಬಿಟ್ಟೆ. ಅವನು ಕೈ ಬಿಟ್ಟ.

"ನಾ ದಿನಾ ಅಲ್ಲೇ ಉಣ್ತೀನಿ ಅಂತ ನಿನಗ ಗೊತ್ತಿತ್ತು," ಎಂದ. "ಚಿಲಕಾ ನೋಡಿ, ಸಹಿ ಮಾಡಿ, ಸಂಜೀಕ ನನ್ನ ಜೋಡಿ ಕೂತು ನಕ್ಕೀದಿ." ಆಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿದ. ಅವನು ಕೋಲು ಹಿಡಿದು ಇನ್ನೂ ಮೂವತ್ತು ವರ್ಷ ಬದುಕಿದ. ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ.

ವಿಚಾರಣೆಗೆ ನಾನು ಕೊಟ್ಟ ವರದಿಯಲ್ಲಿ ಎಲ್ಲವನ್ನೂ ಬರೆದೆ: ಚಿಲಕ ಸಹಿಯ ದಿನವೇ ಇತ್ತು, ನಾನು ನೋಡಿದ್ದೆ, ಆಕ್ಷೇಪಿಸಲಿಲ್ಲ. ನನಗೆ ಛೀಮಾರಿಯ ಪತ್ರ ಬಂತು, ಔರಂಗಾಬಾದಿಗೆ ವರ್ಗವಾಯಿತು. ಆದರೆ ನಿಜ ಬರೆದರೆ ಅದು ಒಬ್ಬರ ಕೊರಳಿಗೆ ಮಾತ್ರ ಬೀಳುವುದಿಲ್ಲ. ಅಡಿಗರನ್ನು ಪೊಲೀಸ್ ಠಾಣೆಗೆ ಕರೆಸಿದರು, ಐತಾಳರ ಪರವಾನಗಿ ಎರಡು ವರ್ಷ ಹಿಡಿದಿಟ್ಟರು. ಒಂಬತ್ತನೆಯ ದಿನ ನಾನು ಸ್ಟೇಶನ್ ರಸ್ತೆಯ ಹೋಟೆಲಿಗೆ ಹೋದಾಗ ಕಾಫಿ ಮುಗಿದಿತ್ತು.

1970ರ ಕೊನೆಗೆ ಒಂದು ಕೆಲಸದ ಮೇಲೆ ನಾಸಿಕ್‌ಗೆ ಹೋಗಬೇಕಾಯಿತು. ಕಾಲುಗಳು ತಾವಾಗಿಯೇ ಆ ಗಲ್ಲಿಗೆ ಎಳೆದೊಯ್ದವು. ವಾಡೆಯ ಜಾಗದಲ್ಲಿ ಆರ್‌ಸಿಸಿ ಕಟ್ಟಡ ಎದ್ದಿತ್ತು. ಮರದ ಒಂದು ತುಂಡೂ ಇಲ್ಲ, ಕೆತ್ತನೆ ಇಲ್ಲ, ಡಬ್ಬಿಯಂಥ ಕಟ್ಟಡ. ಅಕ್ಕಪಕ್ಕದ ಗೋಡೆಗಳು ಚಾವಣಿಗಿಂತ ಮೂರು ಅಡಿ ಮೇಲೆ. ಬೈಲಾ ಹೇಳಿದ್ದೆಲ್ಲ ಅಲ್ಲಿತ್ತು. ಎಪ್ಪತ್ತು ವರ್ಷದ ಚೆಂದ ಹೋಗಿ ಇದು ಬಂದಿತಲ್ಲ ಎಂದು ನನಗೇ ಬೇಸರವಾಯಿತು. ಗಲ್ಲೆಯ ಮೇಲೆ ಐತಾಳರಿದ್ದರು, ಕೂದಲು ಪೂರ್ತಿ ನೆರೆತಿತ್ತು. ನಾನು ಕೂರುವ ಮೊದಲೇ "ಕಾಫಿ ಮುಗೀತು" ಎಂದರು.

"ಕಾಫಿಗೆ ಬಂದಿಲ್ರಿ. ಮ್ಯಾಲೆ ಹೋಗಿ ನೋಡಬಹುದಾ?"

ಅವರು ತಲೆ ತಗ್ಗಿಸಿ ಚಿಲ್ಲರೆ ಎಣಿಸತೊಡಗಿದರು. ಹತ್ತಿದೆ. ಹಾಲಿನ ಹಿಂದಿನ ಬಾಗಿಲು ಒತ್ತಿದೆ, ತೆರೆಯಿತು. ಹೊರಮೈಯನ್ನು ಮೇಲಿನಿಂದ ಕೆಳತನಕ ಅಂಗೈಯಿಂದ ಸವರಿದೆ. ಕೆಳಗೆ ನೋಡಿದೆ. ಮೆಟ್ಟಿಲಿಗೂ ಬಾವಿಗೂ ನಡುವೆ ಐದು ಅಡಿ ಎತ್ತರದ ಒಂದು ಇಟ್ಟಿಗೆಯ ಗೋಡೆ ಎದ್ದಿತ್ತು. ಮೆಟ್ಟಿಲು ಇಳಿದವನು ಗೋಡೆಯ ಈ ಪಕ್ಕದಿಂದ ನೇರ ಗಲ್ಲಿಗೆ ಹೋಗುತ್ತಾನೆ. ಬಾವಿ ಆ ಪಕ್ಕ, ಅದರ ಮಡಿ ಅದಕ್ಕೆ. ಇಬ್ಬರು ಮೇಸ್ತ್ರಿಗಳ ಎರಡು ದಿನದ ಕೆಲಸ. ಅಂದು ನಾನು ಅಂಗಿ ತೆಗೆದು, ಕಾಲು ತೊಳೆದು, ಆ ಅಂಗಳದಲ್ಲಿ ಒಂದು ಗಳಿಗೆ ನಿಂತಿದ್ದರೆ ಈ ಗೋಡೆ ನನಗೆ ಹೊಳೆಯುತ್ತಿತ್ತು. ನಕ್ಷೆಯಲ್ಲಿ ಬಾವಿ ಒಂದು ಸಣ್ಣ ಸೊನ್ನೆ. ಅದರಲ್ಲಿ ಯಾರ ಮಡಿಯೂ ಕಾಣುವುದಿಲ್ಲ.

ಮೆಟ್ಟಿಲಿನ ಬುಡದಲ್ಲಿ ಅಡಿಗರು ಕೂತಿದ್ದರು. ಬೆರಳುಗಳು ಸೊಟ್ಟಗೆ ಒಳಕ್ಕೆ ಮಡಚಿಕೊಂಡಿದ್ದವು. ಸೌಟು ಹಿಡಿಯುವ ಕೈಗಳಾಗಿ ಉಳಿದಿರಲಿಲ್ಲ. ತಲೆ ಎತ್ತಿ ನೋಡಿದರು.

"ಚಿಲಕ ಹುಡುಕುದಾ?"

"ಹೌದ್ರಿ."

"ಇಲ್ಲ. ಈ ಸಲ ಕಂಡದ್ದನ್ನು ಬರ್ಕಣಿ."

ಜೇಬಿನಿಂದ ಪುಸ್ತಕ ತೆಗೆದು, ಅಲ್ಲಿಯೇ ನಿಂತು ಬರೆದೆ. ಆ ಕಟ್ಟಡ ನನ್ನ ವ್ಯಾಪ್ತಿಗೆ ಬರುತ್ತಿರಲಿಲ್ಲ, ಬರೆದುಕೊಳ್ಳುವ ಅಧಿಕಾರವೂ ನನಗಿರಲಿಲ್ಲ. ಅಡಿಗರು ಕಾಲು ಮಡಚಿಕೊಂಡು ದಾರಿ ಬಿಟ್ಟರು. ನಾನು ಇಳಿದು, ಗೋಡೆಯ ಪಕ್ಕದಿಂದ ನಡೆದು, ಗಲ್ಲಿಗೆ ಬಂದೆ.

ಆಮೇಲೆ ಇಪ್ಪತ್ತು ವರ್ಷ ನೌಕರಿ ಮಾಡಿದೆ. ಯಾವ ಕಟ್ಟಡಕ್ಕೆ ಹೋದರೂ ಟೇಪು ತೆಗೆಯುವ ಮೊದಲು ಚಪ್ಪಲಿ ತೆಗೆದು, ಅಂಗಿ ತೆಗೆ ಎಂದರೆ ಅಂಗಿಯನ್ನೂ ತೆಗೆದು, ಮನೆಯವರು ಯಾರನ್ನು ಎಲ್ಲಿ ಬಿಡುವುದಿಲ್ಲ ಎಂದು ಕೇಳಿಕೊಂಡೆ. ಆಮೇಲೆಯೇ ದಾರಿ ಎಳೆದೆ. ಬಾಗಿಲಿನ ಆಚೆ ಮೈ ನೋಡದೆ ಎಲ್ಲಿಯೂ ಸಹಿ ಹಾಕಲಿಲ್ಲ.